ಅಂತರರಾಷ್ಟ್ರೀಯ ವ್ಯಾಪಾರ ಮತ್ತು ತುಲನಾತ್ಮಕ ಅನುಕೂಲತೆ: ಪದೇ ಪದೇ ಕೇಳುವ ಪ್ರಶ್ನೆಗಳು

2025ರ ಆಗಸ್ಟ್‌ನಲ್ಲಿ ಅಮೆರಿಕವು ಭಾರತದ ಅನೇಕ ಸರಕುಗಳ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿದಾಗ, ಅರ್ಥಶಾಸ್ತ್ರದ ಪುಸ್ತಕ ಮುಟ್ಟದವರೂ ವ್ಯಾಪಾರ ಸಿದ್ಧಾಂತದ ಪ್ರಶ್ನೆಗಳನ್ನೇ ಕೇಳತೊಡಗಿದರು. ಪದವಿ ತರಗತಿಯವರೂ ಕೆಎಎಸ್ ಪರೀಕ್ಷೆಗೆ ಓದುವವರೂ ಕೇಳುವುದು ಬಹುಮಟ್ಟಿಗೆ ಅವನ್ನೇ. ಇಲ್ಲಿನ ಉತ್ತರಗಳು ಒಂದೇ ಅಳತೆಯವಲ್ಲ. ಕೆಲವಕ್ಕೆ ನಾಲ್ಕು ಸಾಲು ಸಾಕು. ರೇಷ್ಮೆಯ ಪ್ರಶ್ನೆಗೆ ಸಾಲದು.

ದೇಶಗಳು ಏಕೆ ವ್ಯಾಪಾರ ಮಾಡಬೇಕು? ಬೇಕಾದದ್ದನ್ನೆಲ್ಲ ತಾವೇ ಮಾಡಿಕೊಳ್ಳಬಾರದೇ?

ಮಾಡಿಕೊಳ್ಳಬಹುದು, ದುಬಾರಿಯಾಗುತ್ತದೆ ಅಷ್ಟೆ. 1776ರಲ್ಲಿ ಅರ್ಥಶಾಸ್ತ್ರಜ್ಞ ಆ್ಯಡಂ ಸ್ಮಿತ್ ತನ್ನ ಸ್ವಂತ ನಾಡಾದ ಸ್ಕಾಟ್ಲೆಂಡ್ ಅನ್ನೇ ಇದಕ್ಕೆ ಉದಾಹರಣೆಯಾಗಿ ಕೊಟ್ಟ. ಗಾಜಿನ ಮನೆ ಕಟ್ಟಿ, ಮಣ್ಣನ್ನೂ ಗೋಡೆಯನ್ನೂ ಬಿಸಿಯಾಗಿಟ್ಟರೆ ಆ ಚಳಿಯ ನಾಡಿನಲ್ಲೂ ಒಳ್ಳೆಯ ದ್ರಾಕ್ಷಿ ಬೆಳೆಯಬಹುದು, ಅದರಿಂದ ಒಳ್ಳೆಯ ವೈನ್ ಕೂಡ ತೆಗೆಯಬಹುದು. ಆದರೆ ಅಷ್ಟೇ ಒಳ್ಳೆಯ ವೈನನ್ನು ಹೊರಗಿನಿಂದ ತರಿಸಿದ್ದಕ್ಕಿಂತ ಸುಮಾರು 30 ಪಟ್ಟು ಖರ್ಚಾಗುತ್ತದೆ ಎಂದ. ‘ಬೆಳೆಯಲು ಸಾಧ್ಯವೇ’ ಎಂಬುದು ಕೃಷಿ ವಿಜ್ಞಾನಿಯ ಪ್ರಶ್ನೆ. ಆ ಕೈಗಳು, ಆ ಇಂಧನ, ಆ ನೆಲ ಬೇರೆ ಯಾವುದಕ್ಕೆ ಬಳಕೆಯಾಗಬಹುದಿತ್ತು ಎಂಬುದು ಅರ್ಥಶಾಸ್ತ್ರದ ಪ್ರಶ್ನೆ. ಈ ಪುಟದ ಮುಕ್ಕಾಲು ಪಾಲು ಆ ಎರಡನೆಯ ಪ್ರಶ್ನೆಯದ್ದೇ.

ಸ್ಮಿತ್‌ಗಿಂತ ಮೊದಲು ಜನರು ಏನೆಂದು ನಂಬಿದ್ದರು?

ರಫ್ತು ಗೆಲುವು, ಆಮದು ಸೋಲು ಎಂದು. ಇದಕ್ಕೆ ವಾಣಿಜ್ಯವಾದ ಎನ್ನುತ್ತಾರೆ. ದೇಶದ ಸಂಪತ್ತೆಂದರೆ ಖಜಾನೆಯ ಚಿನ್ನ, ಬೆಳ್ಳಿ. ಅದು ಒಳಗೆ ಬರಬೇಕು, ಹೊರಗೆ ಹೋಗಬಾರದು. ಇಂಗ್ಲೆಂಡಿನ ತಾಮಸ್ ಮನ್ ಈ ಪಂಥದ ದೊಡ್ಡ ಹೆಸರು. ಆತ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕನೂ ಆಗಿದ್ದ. ಭಾರತದ ಸರಕಿಗಾಗಿ ಬೆಳ್ಳಿ ಹಡಗು ಹತ್ತುತ್ತಿದೆಯೆಂದು ಲಂಡನ್ನಿನಲ್ಲಿ ಗದ್ದಲವೆದ್ದಾಗ, ಆ ಸರಕನ್ನು ಯುರೋಪಿನಲ್ಲಿ ಮರುಮಾರಾಟ ಮಾಡಿದರೆ ಹೋದದ್ದಕ್ಕಿಂತ ಹೆಚ್ಚು ಬೆಳ್ಳಿ ಮರಳುತ್ತದೆ ಎಂದು ವಾದಿಸಿದ. ಲೆಕ್ಕ ಬೇರೆ, ಆದರೆ ದೇವರು ಅದೇ ಬೆಳ್ಳಿ.

ಇದರ ಬುಡ ಅಲುಗಾಡಿಸಿದವನು ತತ್ತ್ವಜ್ಞಾನಿ ಡೇವಿಡ್ ಹ್ಯೂಮ್, 1752ರಲ್ಲಿ. ಚಿನ್ನ ಒಳಗೆ ಬಂದು ಕೂತರೆ ಒಳಗಿನ ಬೆಲೆಗಳು ಏರುತ್ತವೆ. ಬೆಲೆ ಏರಿದರೆ ನಮ್ಮ ಸರಕು ಹೊರಗಿನವರಿಗೆ ತುಟ್ಟಿಯಾಗುತ್ತದೆ, ಹೊರಗಿನದು ನಮಗೆ ಅಗ್ಗವಾಗುತ್ತದೆ. ಬಂದ ಚಿನ್ನ ಬಂದ ದಾರಿಯಲ್ಲೇ ಹೊರಡುತ್ತದೆ. ಶಾಶ್ವತವಾಗಿ ಮಾರುತ್ತಲೇ ಇರುವ, ಕೊಳ್ಳದೇ ಇರುವ ದೇಶ ಇರಲಾರದು. ವಾಣಿಜ್ಯವಾದ ಸತ್ತು ಎರಡೂವರೆ ಶತಮಾನವಾಯಿತು ಎಂದು ಪಠ್ಯಪುಸ್ತಕ ಹೇಳುತ್ತದೆ. ಟಿವಿ ಚರ್ಚೆಗಳನ್ನು ನೋಡಿದರೆ ಹಾಗೇನೂ ಅನ್ನಿಸುವುದಿಲ್ಲ.

ನಿರಪೇಕ್ಷ ಅನುಕೂಲತೆ ಮತ್ತು ತುಲನಾತ್ಮಕ ಅನುಕೂಲತೆಗೆ ಏನು ವ್ಯತ್ಯಾಸ?

ಒಂದು ಕೆಲಸವನ್ನು ನಾನು ನಿಮಗಿಂತ ಕಡಿಮೆ ಶ್ರಮದಲ್ಲಿ ಮಾಡಿದರೆ ಅದರಲ್ಲಿ ನನಗೆ ನಿರಪೇಕ್ಷ ಅನುಕೂಲತೆ. ಸ್ಮಿತ್ ನಿಂತದ್ದು ಇಲ್ಲಿಗೆ. ಎಲ್ಲ ಕೆಲಸದಲ್ಲೂ ನಾನೇ ಮುಂದಿದ್ದರೆ ನಿಮ್ಮೊಂದಿಗೆ ನನಗೇನು ವ್ಯಾಪಾರ ಎಂಬ ಪ್ರಶ್ನೆಗೆ ಅವನಲ್ಲಿ ನೇರ ಉತ್ತರವಿರಲಿಲ್ಲ.

ಮದುವೆ ಮನೆಯ ಮುಖ್ಯ ಅಡುಗೆ ಭಟ್ಟರನ್ನು ನೋಡಿ. ತರಕಾರಿ ಹೆಚ್ಚುವುದರಲ್ಲೂ ಅವರ ಕೈ ಸಹಾಯಕನ ಕೈಗಿಂತ ಚುರುಕು. ಆದರೂ ಈಳಿಗೆ ಮಣೆಯ ಮುಂದೆ ಅವರು ಕೂರುವುದಿಲ್ಲ, ಏಕೆಂದರೆ ಅವರು ಕುಂಬಳಕಾಯಿ ಹೆಚ್ಚುವ ಹೊತ್ತಿನಲ್ಲಿ ಇತ್ತ ಮೈಸೂರು ಪಾಕಿನ ಪಾಕ ಕೆಡುತ್ತದೆ. ಸಹಾಯಕ ನಿಧಾನಿ ನಿಜ, ಆದರೆ ಅವನು ಹೆಚ್ಚುತ್ತ ಕೂತರೆ ಕೆಡುವಂಥದ್ದು ಏನೂ ಇಲ್ಲ. ಹಾಗಾಗಿ ಹೆಚ್ಚುವ ಕೆಲಸದ ನಿಜವಾದ ವೆಚ್ಚ ಸಹಾಯಕನಿಗೇ ಕಡಿಮೆ. ಒಂದನ್ನು ಮಾಡಲು ಬಿಟ್ಟುಕೊಡುವ ಇನ್ನೊಂದಕ್ಕೆ ಅವಕಾಶ ವೆಚ್ಚ ಎಂದು ಹೆಸರು. ಅದು ಯಾರಿಗೆ ಕಡಿಮೆಯೋ ಅವರಿಗೆ ತುಲನಾತ್ಮಕ ಅನುಕೂಲತೆ. ಎರಡು ಕೆಲಸಗಳಲ್ಲೂ ಹಿಂದಿರುವವನಿಗೂ ಯಾವುದಾದರೊಂದರಲ್ಲಿ ಈ ಅನುಕೂಲತೆ ಇದ್ದೇ ಇರುತ್ತದೆ. ಎರಡರಲ್ಲೂ ಅವನು ಹಿಂದಿರುವ ಪ್ರಮಾಣ ಕರಾರುವಾಕ್ಕಾಗಿ ಒಂದೇ ಆಗಿದ್ದರೆ ಮಾತ್ರ ಇಲ್ಲ.

ರಿಕಾರ್ಡೋನ ಇಂಗ್ಲೆಂಡ್–ಪೋರ್ಚುಗಲ್ ಲೆಕ್ಕವನ್ನು ಬಿಡಿಸಿ ಹೇಳುತ್ತೀರಾ?

ಡೇವಿಡ್ ರಿಕಾರ್ಡೋ ಲಂಡನ್ನಿನ ಷೇರುಪೇಟೆಯಲ್ಲಿ ದುಡ್ಡು ಮಾಡಿ, ಆಮೇಲೆ ಅರ್ಥಶಾಸ್ತ್ರ ಬರೆದವನು. 1817ರ ತನ್ನ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಅವನು ಕೊಟ್ಟ ನಾಲ್ಕು ಸಂಖ್ಯೆಗಳನ್ನು ಇಂದಿಗೂ ತರಗತಿಗಳಲ್ಲಿ ಬರೆಯುತ್ತಾರೆ. ಒಂದು ವರ್ಷದಲ್ಲಿ ಒಂದು ನಿಗದಿತ ಪ್ರಮಾಣದ ಬಟ್ಟೆ ತಯಾರಿಸಲು ಇಂಗ್ಲೆಂಡಿಗೆ 100 ಜನ ಬೇಕು, ವೈನ್ ತಯಾರಿಸಲು 120 ಜನ. ಪೋರ್ಚುಗಲ್ಲಿಗೆ ಬಟ್ಟೆಗೆ 90, ವೈನಿಗೆ 80. ಎರಡರಲ್ಲೂ ಪೋರ್ಚುಗಲ್ಲೇ ಮುಂದು.

ಈಗ ಅಡ್ಡಡ್ಡ ಹೋಲಿಸಬೇಡಿ. ಪ್ರತಿ ದೇಶದ ಒಳಗೇ ಹೋಲಿಸಿ. ಇಂಗ್ಲೆಂಡ್ ಒಂದು ಪಾಲು ವೈನ್ ಮಾಡಲು 1.2 ಪಾಲು ಬಟ್ಟೆಯನ್ನು ಬಿಟ್ಟುಕೊಡುತ್ತದೆ. ಪೋರ್ಚುಗಲ್ ಬಿಟ್ಟುಕೊಡುವುದು ಸುಮಾರು 0.89 ಪಾಲು ಮಾತ್ರ. ವೈನ್ ಪೋರ್ಚುಗಲ್ಲಿಗೆ ಅಗ್ಗ. ಹಾಗೆಂದರೆ ಬಟ್ಟೆ ಇಂಗ್ಲೆಂಡಿಗೆ ಅಗ್ಗ ಎಂದೇ ಅರ್ಥ, ಏಕೆಂದರೆ ಒಂದು ಅನುಪಾತವನ್ನು ತಿರುಗಿಸಿದರೆ ಇನ್ನೊಂದು ಸಿಗುತ್ತದೆ.

ಎರಡೂ ದೇಶಗಳು ಎರಡನ್ನೂ ಒಂದೊಂದು ಪಾಲು ಮಾಡಿಕೊಂಡರೆ ತಗಲುವುದು 100, 120, 90, 80. ಒಟ್ಟು 390 ಜನರ ವರ್ಷದ ದುಡಿಮೆ. ಇಂಗ್ಲೆಂಡ್ ಎರಡು ಪಾಲು ಬಟ್ಟೆ, ಪೋರ್ಚುಗಲ್ ಎರಡು ಪಾಲು ವೈನ್ ಮಾಡಿ ಒಂದಕ್ಕೊಂದರಂತೆ ಬದಲಿಸಿಕೊಂಡರೆ ತಗಲುವುದು 200 ಮತ್ತು 160, ಒಟ್ಟು 360. ಅಷ್ಟೇ ಬಟ್ಟೆ, ಅಷ್ಟೇ ವೈನ್, ಆದರೆ 30 ಜನರ ದುಡಿಮೆ ಮಿಕ್ಕಿತು. ಇದರಲ್ಲಿ 20 ಇಂಗ್ಲೆಂಡಿನ ಪಾಲು, 10 ಪೋರ್ಚುಗಲ್ಲಿನ ಪಾಲು. ಹೊಸ ಯಂತ್ರವಿಲ್ಲ, ಯಾರೂ ಹೆಚ್ಚು ದುಡಿದಿಲ್ಲ. ಯಾರು ಏನು ಮಾಡುತ್ತಾರೆ ಎಂಬುದಷ್ಟೇ ಬದಲಾಯಿತು.

ಗಣಿತಜ್ಞ ಸ್ಟಾನಿಸ್ಲಾ ಉಲಾಮ್ ಒಮ್ಮೆ ಅರ್ಥಶಾಸ್ತ್ರಜ್ಞ ಪಾಲ್ ಸ್ಯಾಮ್ಯುಯೆಲ್ಸನ್‌ಗೆ, ಸಮಾಜ ವಿಜ್ಞಾನಗಳಲ್ಲಿ ಸತ್ಯವೂ ಆಗಿರುವ, ತೀರಾ ಸಾಮಾನ್ಯವೂ ಅಲ್ಲದ ಒಂದೇ ಒಂದು ಪ್ರಮೇಯ ಹೇಳು ಎಂದು ಸವಾಲು ಹಾಕಿದ್ದ. ವರ್ಷಗಳ ನಂತರ ಸ್ಯಾಮ್ಯುಯೆಲ್ಸನ್‌ಗೆ ಹೊಳೆದ ಉತ್ತರ ಇದೇ. ಇದು ಸತ್ಯವೆಂದು ಗಣಿತಜ್ಞನಿಗೆ ತೋರಿಸಬೇಕಿಲ್ಲ. ಇದು ಸಾಮಾನ್ಯವಲ್ಲ ಎಂಬುದಕ್ಕೆ, ವಿವರಿಸಿ ಹೇಳಿದ ಮೇಲೂ ನಂಬದ ಸಾವಿರಾರು ಬುದ್ಧಿವಂತರೇ ಸಾಕ್ಷಿ ಎಂಬುದು ಅವನ ಮಾತಿನ ಸಾರ.

ಪೋರ್ಚುಗಲ್ ಎರಡನ್ನೂ ಕಡಿಮೆ ಶ್ರಮದಲ್ಲಿ ಮಾಡುತ್ತದಲ್ಲ, ವ್ಯಾಪಾರಿ ಇಂಗ್ಲೆಂಡಿನ ಬಟ್ಟೆಯನ್ನು ಏಕೆ ಕೊಳ್ಳುತ್ತಾನೆ?

ನನಗೆ ಅತ್ಯಂತ ಇಷ್ಟವಾದ ಪ್ರಶ್ನೆ ಇದು; ಬಹುತೇಕ ನೋಟ್ಸ್‌ಗಳಲ್ಲಿ ಇದರ ಉತ್ತರವೇ ಇರುವುದಿಲ್ಲ. ವ್ಯಾಪಾರಿ ಜನರ ತಲೆ ಎಣಿಸುವುದಿಲ್ಲ, ಬೆಲೆ ನೋಡುತ್ತಾನೆ. ಬೆಲೆಯೆಂದರೆ ಶ್ರಮ ಮಾತ್ರವಲ್ಲ, ಶ್ರಮವನ್ನು ಕೂಲಿಯಿಂದ ಗುಣಿಸಿದ್ದು.

ಇಬ್ಬರ ಕೂಲಿಯೂ ಒಂದೇ ಎಂದುಕೊಳ್ಳಿ. ಆಗ ಎರಡೂ ಸರಕು ಪೋರ್ಚುಗಲ್ಲಿನಲ್ಲೇ ಅಗ್ಗ. ಎಲ್ಲರೂ ಅಲ್ಲಿಯೇ ಕೊಳ್ಳುತ್ತಾರೆ, ಚಿನ್ನ ಅತ್ತ ಹರಿಯುತ್ತದೆ. ಹ್ಯೂಮ್ ಹೇಳಿದಂತೆ ಅಲ್ಲಿನ ಕೂಲಿ, ಬೆಲೆ ಏರುತ್ತವೆ, ಇಂಗ್ಲೆಂಡಿನವು ಇಳಿಯುತ್ತವೆ. ಇದು ಎಲ್ಲಿಯವರೆಗೆ? ಪೋರ್ಚುಗಲ್ಲಿನ ಕೂಲಿ ಇಂಗ್ಲೆಂಡಿನ ಕೂಲಿಯ 1.25 ಪಟ್ಟು ಆಯಿತೆಂದುಕೊಳ್ಳೋಣ. ಇಂಗ್ಲೆಂಡಿನ ಕೂಲಿಯನ್ನು 1 ಎಂದಿಟ್ಟರೆ ಇಂಗ್ಲೆಂಡಿನ ಬಟ್ಟೆಗೆ 100, ಪೋರ್ಚುಗಲ್ಲಿನ ಬಟ್ಟೆಗೆ 112.5. ಇಂಗ್ಲೆಂಡಿನ ವೈನಿಗೆ 120, ಪೋರ್ಚುಗಲ್ಲಿನ ವೈನಿಗೆ 100. ಈಗ ವ್ಯಾಪಾರಿ ಯಾವ ಪುಸ್ತಕವನ್ನೂ ಓದದೆ ಬಟ್ಟೆಯನ್ನು ಇಂಗ್ಲೆಂಡಿನಿಂದ, ವೈನನ್ನು ಪೋರ್ಚುಗಲ್ಲಿನಿಂದ ತರಿಸುತ್ತಾನೆ.

‘ಕಡಿಮೆ ಕೂಲಿಯ ದೇಶದೊಂದಿಗೆ ಪೈಪೋಟಿ ಅನ್ಯಾಯ’ ಎಂಬ ದೂರಿಗೂ, ‘ಮುಂದುವರಿದ ದೇಶದ ಮುಂದೆ ನಾವು ನಿಲ್ಲಲಾರೆವು’ ಎಂಬ ಅಳಲಿಗೂ ಈ ಲೆಕ್ಕದಲ್ಲೇ ಉತ್ತರವಿದೆ. ಕೂಲಿಯ ಅಂತರ ಉತ್ಪಾದಕತೆಯ ಅಂತರವನ್ನು ಹಿಂಬಾಲಿಸುತ್ತದೆ. ಹಿಂದುಳಿದ ದೇಶವೂ ಮಾರಬಲ್ಲದು, ಆದರೆ ಬಡತನದ ಕೂಲಿಗೆ. ಈ ಎರಡನೆಯ ಅರ್ಧವನ್ನು ಮುಕ್ತ ವ್ಯಾಪಾರದ ವಕೀಲರು ಮೆಲ್ಲಗೆ ನುಂಗುತ್ತಾರೆ. ಕೂಲಿ ಏರಬೇಕಾದರೆ ಉತ್ಪಾದಕತೆ ಏರಬೇಕು, ಆ ಕೆಲಸವನ್ನು ವ್ಯಾಪಾರವೊಂದೇ ಮಾಡಿಕೊಡುವುದಿಲ್ಲ.

ಲಾಭದಲ್ಲಿ ಯಾರಿಗೆ ಎಷ್ಟು ಎಂದು ನಿರ್ಧರಿಸುವುದು ಯಾವುದು?

ಸರಕಿಗೆ ಸರಕು ಬದಲಿಸಿಕೊಳ್ಳುವ ದರ. ಮೇಲಿನ ಉದಾಹರಣೆಯಲ್ಲಿ ಒಂದು ಪಾಲು ವೈನಿಗೆ 0.89ರಿಂದ 1.2 ಪಾಲು ಬಟ್ಟೆಯವರೆಗೆ ಯಾವ ದರವಾದರೂ ಇಬ್ಬರಿಗೂ ನಷ್ಟವಿಲ್ಲ. ದರ 1.2ರ ಹತ್ತಿರ ಹೋದಷ್ಟೂ ಲಾಭ ಪೋರ್ಚುಗಲ್ಲಿಗೆ, 0.89ರ ಹತ್ತಿರ ಬಂದಷ್ಟೂ ಇಂಗ್ಲೆಂಡಿಗೆ. ರಿಕಾರ್ಡೋ ಈ ಮಿತಿಗಳೊಳಗೆ ಒಂದಕ್ಕೊಂದು ಎಂಬ ದರವನ್ನು ಸುಮ್ಮನೆ ಇಟ್ಟುಕೊಂಡ. ದರ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಜಾನ್ ಸ್ಟೂವರ್ಟ್ ಮಿಲ್ ಪರಸ್ಪರ ಬೇಡಿಕೆಯಿಂದ ವಿವರಿಸಿದ: ಇನ್ನೊಬ್ಬರ ಸರಕಿಗೆ ಯಾರ ಹಪಾಹಪಿ ಹೆಚ್ಚೋ ಅವರು ಹೆಚ್ಚು ತೆರುತ್ತಾರೆ.

ನಿಜವಾದ ಪೋರ್ಚುಗಲ್ಲಿಗೆ ಈ ವ್ಯಾಪಾರದಿಂದ ಒಳ್ಳೆಯದಾಯಿತೇ?

ಉದಾಹರಣೆಯಲ್ಲಿ ಆದಷ್ಟು ಸಲೀಸಾಗಿ ಆಗಲಿಲ್ಲ. ರಿಕಾರ್ಡೋ ಬರೆಯುವ ನೂರಕ್ಕೂ ಹೆಚ್ಚು ವರ್ಷಗಳ ಮೊದಲೇ, 1703ರಲ್ಲಿ, ಎರಡೂ ದೇಶಗಳು ಮೆಥುಯೆನ್ ಒಪ್ಪಂದ ಮಾಡಿಕೊಂಡಿದ್ದವು. ಇಂಗ್ಲೆಂಡಿನ ಉಣ್ಣೆ ಬಟ್ಟೆಗೆ ಪೋರ್ಚುಗಲ್ ಬಾಗಿಲು ತೆರೆಯಿತು. ಪ್ರತಿಯಾಗಿ ಪೋರ್ಚುಗಲ್ಲಿನ ವೈನಿಗೆ ಫ್ರಾನ್ಸಿನ ವೈನಿಗಿಂತ ಮೂರನೆಯ ಒಂದು ಭಾಗ ಕಡಿಮೆ ಸುಂಕ. ಅಂದರೆ ಅಲ್ಲಿ ಹರಿದದ್ದು ಮುಕ್ತ ವ್ಯಾಪಾರವಲ್ಲ, ಯುದ್ಧಕಾಲದ ಮೈತ್ರಿಯೊಂದರ ಸುಂಕದ ಏರ್ಪಾಡು. ಬಟ್ಟೆಗೆ ವೈನ್ ಸಾಟಿಯಾಗದೆ, ಉಳಿದ ಬಾಕಿಯನ್ನು ಬ್ರೆಜಿಲ್ಲಿನಿಂದ ಬಂದ ಚಿನ್ನ ತೀರಿಸುತ್ತಿತ್ತು. ಪೋರ್ಚುಗಲ್ಲಿನ ನೇಯ್ಗೆ ಸೊರಗಿತು. ಒಪ್ಪಂದವೇ ಅದಕ್ಕೆ ಏಕೈಕ ಕಾರಣವೇ ಎಂಬ ಬಗ್ಗೆ ಇತಿಹಾಸಕಾರರ ಜಗಳ ಇನ್ನೂ ಮುಗಿದಿಲ್ಲ.

ರಿಕಾರ್ಡೋಗೆ ಬೇಕಿದ್ದುದು ಪೋರ್ಚುಗಲ್ಲಿನ ಚರಿತ್ರೆಯಲ್ಲ. ಅವನ ಕಣ್ಣಿದ್ದದ್ದು 1815ರ ಧಾನ್ಯ ಕಾಯ್ದೆಯ ಮೇಲೆ. ವಿದೇಶಿ ಗೋಧಿಯನ್ನು ತಡೆದು ಬ್ರಿಟನ್ನಿನ ಭೂಮಾಲೀಕರ ಗೇಣಿಯನ್ನು ಕಾಯುತ್ತಿದ್ದ ಕಾಯ್ದೆ ಅದು. ರದ್ದಾದದ್ದು 1846ರಲ್ಲಿ, ರಿಕಾರ್ಡೋ ಸತ್ತು 23 ವರ್ಷಗಳಾದ ಮೇಲೆ.

ಪರೀಕ್ಷೆಗೆ ರಿಕಾರ್ಡೋ ಸಿದ್ಧಾಂತದ ಊಹೆಗಳನ್ನು ಬರೆಯಬೇಕಲ್ಲ, ಅವು ಯಾವುವು?

ಎರಡು ದೇಶ, ಎರಡು ಸರಕು, ಶ್ರಮವೊಂದೇ ಉತ್ಪಾದನಾಂಗ (ಭೂಮಿ, ಬಂಡವಾಳಗಳ ಲೆಕ್ಕವಿಲ್ಲ), ಎಷ್ಟು ಮಾಡಿದರೂ ಪ್ರತಿ ಪಾಲಿನ ವೆಚ್ಚ ಅಷ್ಟೇ, ಸಾಗಣೆ ಖರ್ಚಿಲ್ಲ, ಪೂರ್ಣ ಉದ್ಯೋಗ, ಶ್ರಮ ದೇಶದೊಳಗೆ ಎಲ್ಲಿಗೆ ಬೇಕಾದರೂ ಹೋಗುತ್ತದೆ, ಗಡಿ ದಾಟುವುದಿಲ್ಲ. ಬರೆಯುವುದಿಷ್ಟೇ ಆದರೆ ಅಂಕ ಬರುತ್ತದೆ. ಅರ್ಥವಾಗಬೇಕಾದರೆ ಪ್ರತಿಯೊಂದು ಊಹೆಯನ್ನು ಕಿತ್ತುಹಾಕಿ, ಸಿದ್ಧಾಂತ ನಿಲ್ಲುತ್ತದೆಯೇ ಬೀಳುತ್ತದೆಯೇ ನೋಡಿ. ಸಾಗಣೆ ಖರ್ಚು ಸೇರಿಸಿದರೆ ಕೆಲವು ಸರಕುಗಳು ವ್ಯಾಪಾರಕ್ಕೆ ಬರುವುದಿಲ್ಲ, ಅಷ್ಟೆ, ತತ್ತ್ವಕ್ಕೇನೂ ಆಗುವುದಿಲ್ಲ. ‘ಶ್ರಮ ಒಂದು ಕಸುಬಿನಿಂದ ಇನ್ನೊಂದಕ್ಕೆ ಸಲೀಸಾಗಿ ಹೋಗುತ್ತದೆ’ ಎಂಬುದನ್ನು ಕಿತ್ತರೆ ಮಾತ್ರ ಮನೆ ಅಲುಗಾಡುತ್ತದೆ. ಅದನ್ನು ಮುಂದೆ ರೇಷ್ಮೆಯಲ್ಲಿ ನೋಡೋಣ.

ಹೆಕ್ಷರ್–ಓಲಿನ್ ಸಿದ್ಧಾಂತ ಹೊಸದಾಗಿ ಏನು ಹೇಳುತ್ತದೆ?

ಒಂದು ದೇಶ ವೈನಿನಲ್ಲಿ, ಇನ್ನೊಂದು ಬಟ್ಟೆಯಲ್ಲಿ ಏಕೆ ಮುಂದಿದೆ ಎಂದು ರಿಕಾರ್ಡೋ ಕೇಳಲಿಲ್ಲ. ಸ್ವೀಡನ್ನಿನ ಎಲಿ ಹೆಕ್ಷರ್ 1919ರಲ್ಲಿ, ಅವನ ಶಿಷ್ಯ ಬರ್ಟಿಲ್ ಓಲಿನ್ 1933ರಲ್ಲಿ ಅದಕ್ಕೆ ಉತ್ತರ ಕೊಟ್ಟರು: ದೇಶದಲ್ಲಿ ಯಾವ ಉತ್ಪಾದನಾಂಗ ಹೇರಳವೋ ಅದು ಅಲ್ಲಿ ಅಗ್ಗ, ಅದನ್ನು ಹೆಚ್ಚು ಬಳಸುವ ಸರಕು ಅಲ್ಲಿಂದ ರಫ್ತಾಗುತ್ತದೆ. ಓಲಿನ್‌ಗೆ 1977ರಲ್ಲಿ ಜೇಮ್ಸ್ ಮೀಡ್ ಜೊತೆಗೆ ನೊಬೆಲ್ ಬಂತು.

ಕರ್ನಾಟಕದ ಮಿಡಿಸೌತೆ (ಗರ್ಕಿನ್) ಇದಕ್ಕೆ ಹೇಳಿ ಮಾಡಿಸಿದಂತಿದೆ. ನಾವು ಅದನ್ನು ಊಟಕ್ಕೆ ಬಳಸುವುದೇ ಇಲ್ಲವೆನ್ನಬಹುದು. ಆದರೂ ಕಂಪನಿಗಳೊಂದಿಗಿನ ಒಪ್ಪಂದದ ಮೇಲೆ ಇಲ್ಲಿನ ಸಣ್ಣ ರೈತರು ಬೆಳೆಯುತ್ತಾರೆ. ಉಪ್ಪುನೀರು ಅಥವಾ ವಿನೆಗರ್ ತುಂಬಿದ ಡ್ರಮ್ಮುಗಳಲ್ಲಿ ಅದು ಅಮೆರಿಕ, ಯುರೋಪ್, ರಷ್ಯಾಗಳಿಗೆ ಹೋಗುತ್ತದೆ. ಕಾಯಿ ಚಿಕ್ಕದಿದ್ದಷ್ಟೂ ಬೆಲೆ ಹೆಚ್ಚು, ಒಂದು ದಿನ ಬಿಟ್ಟರೂ ದಪ್ಪವಾಗುತ್ತದೆ. ಹಾಗಾಗಿ ದಿನವೂ ಬಾಗಿ ಬಾಗಿ ಕೈಯಲ್ಲೇ ಕೊಯ್ಯಬೇಕು. ಕೈಗಳು ತುಟ್ಟಿಯಾದ, ಬೇಸಿಗೆ ಗಿಡ್ಡವಾದ ದೇಶಗಳಿಗೆ ಈ ಬೆಳೆ ಕಷ್ಟ. ಕೈಗಳು ಇರುವಲ್ಲಿಗೆ, ವರ್ಷದಲ್ಲಿ ಹಲವು ಸಲ ಬಿತ್ತಬಹುದಾದ ನೆಲಕ್ಕೆ ಅದು ವಲಸೆ ಬಂತು.

ಲಿಯಾಂಟಿಫ್ ವಿರೋಧಾಭಾಸ ಎಂದರೇನು?

1953ರಲ್ಲಿ ವಾಸಿಲಿ ಲಿಯಾಂಟಿಫ್ ಅಮೆರಿಕದ ಅಂಕಿಅಂಶಗಳನ್ನು ಹಿಡಿದು ಹೆಕ್ಷರ್–ಓಲಿನ್ ಮಾತನ್ನು ಒರೆಗೆ ಹಚ್ಚಿದ. ಬಂಡವಾಳ ಹೇರಳವಾಗಿದ್ದ ಅಮೆರಿಕದ ರಫ್ತುಗಳು ಅದರ ಆಮದುಗಳಿಗೆ ಬದಲಿಯಾದ ಸರಕುಗಳಿಗಿಂತ ಹೆಚ್ಚು ಶ್ರಮವನ್ನೇ ಬಳಸುತ್ತಿದ್ದವು. ಎಲ್ಲ ಶ್ರಮವೂ ಒಂದೇ ಅಲ್ಲ, ತರಬೇತಿ ಪಡೆದ ಎಂಜಿನಿಯರನ ಶ್ರಮವನ್ನು ಬೇರೆಯಾಗಿ ಎಣಿಸಬೇಕು ಎಂಬುದು ಬಂದ ಉತ್ತರಗಳಲ್ಲಿ ಹೆಚ್ಚು ಗಟ್ಟಿಯಾದದ್ದು.

ಜರ್ಮನಿ ಫ್ರಾನ್ಸಿಗೆ ಕಾರು ಮಾರುತ್ತದೆ, ಫ್ರಾನ್ಸ್ ಜರ್ಮನಿಗೆ ಕಾರು ಮಾರುತ್ತದೆ. ಇದರಲ್ಲಿ ತುಲನಾತ್ಮಕ ಅನುಕೂಲತೆ ಎಲ್ಲಿದೆ?

ಹೆಚ್ಚೇನೂ ಇಲ್ಲ. ಒಂದೇ ಬಗೆಯ ದೇಶಗಳು ಒಂದೇ ಬಗೆಯ ಸರಕನ್ನು ಅತ್ತಿತ್ತ ಮಾರುವುದನ್ನು ವಿವರಿಸಲು ಪಾಲ್ ಕ್ರುಗ್‌ಮನ್ 1979ರಲ್ಲಿ ಬೇರೆ ದಾರಿ ಹಿಡಿದರು. ಹೆಚ್ಚು ಮಾಡಿದಷ್ಟೂ ಒಂದೊಂದರ ವೆಚ್ಚ ಇಳಿಯುತ್ತದೆ; ಕೊಳ್ಳುವವರಿಗೆ ಬಗೆಬಗೆಯ ಮಾದರಿ ಬೇಕು. ಹಾಗಾಗಿ ಪ್ರತಿ ಕಾರ್ಖಾನೆ ಕೆಲವೇ ಮಾದರಿಗಳನ್ನು ಭಾರೀ ಪ್ರಮಾಣದಲ್ಲಿ ಮಾಡಿ ಗಡಿ ದಾಟಿಸುತ್ತದೆ. ಇದಕ್ಕಾಗಿ 2008ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು.

ಈ ವಿಚಾರಕ್ಕೆ ಒಂದು ಕುತೂಹಲದ ಬಾಲವಿದೆ. ವೆಚ್ಚ ಇಳಿಯುವುದು ಪ್ರಮಾಣದಿಂದಲೇ ಆದರೆ, ಮೊದಲು ಶುರು ಮಾಡಿದ ಊರೇ ಮುಂದೆ ಉಳಿಯಬಹುದು. ಪ್ರಕೃತಿಯ ಕೊಡುಗೆ ಏನೂ ಬೇಕಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ರಫ್ತು ನೆಲದಿಂದ ಉಕ್ಕಿದ್ದಲ್ಲ. 1909ರ ಭಾರತೀಯ ವಿಜ್ಞಾನ ಸಂಸ್ಥೆ, 1940ರ ಹಿಂದೂಸ್ತಾನ್ ಏರ್‌ಕ್ರಾಫ್ಟ್, 1954ರ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಇವೆಲ್ಲ ಎಂಜಿನಿಯರುಗಳನ್ನು ಇಲ್ಲಿ ಜಮಾಯಿಸಿದ ಮೇಲೆ, 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು. ಕೆಲಸಗಾರರಿದ್ದಲ್ಲಿಗೆ ಕಂಪನಿ, ಕಂಪನಿ ಇದ್ದಲ್ಲಿಗೆ ಕೆಲಸಗಾರರು ಎಂದು ಬೆಳೆಯಿತು. ಅನುಕೂಲತೆಯನ್ನು ಕಟ್ಟಬಹುದು. ಸರ್ಕಾರದ ದುಡ್ಡೂ ಅದರಲ್ಲಿತ್ತು ಎಂಬುದನ್ನು ಮರೆಯುವಂತಿಲ್ಲ.

ದೇಶಕ್ಕೆ ಲಾಭ ಎಂದರೆ ಎಲ್ಲರಿಗೂ ಲಾಭವೇ?

ಅಲ್ಲ. ಸಿದ್ಧಾಂತವೇ ಹಾಗೆ ಹೇಳುವುದಿಲ್ಲ, ಹೇಳಿಸುವವರು ಹೇಳಿಸುತ್ತಾರೆ. 1941ರಲ್ಲಿ ವೋಲ್ಫ್‌ಗ್ಯಾಂಗ್ ಸ್ಟೋಲ್ಪರ್ ಮತ್ತು ಸ್ಯಾಮ್ಯುಯೆಲ್ಸನ್ ಇದನ್ನು ಗಣಿತದಲ್ಲೇ ತೋರಿಸಿದರು: ವ್ಯಾಪಾರ ತೆರೆದಾಗ ದೇಶದಲ್ಲಿ ವಿರಳವಾಗಿರುವ ಉತ್ಪಾದನಾಂಗದ ಒಡೆಯರು ನಿಜವಾಗಿ ಬಡವಾಗುತ್ತಾರೆ. ಒಟ್ಟು ಗಳಿಕೆ ಹೆಚ್ಚುತ್ತದೆ, ಆದ್ದರಿಂದ ಗೆದ್ದವರು ಸೋತವರಿಗೆ ತುಂಬಿಕೊಟ್ಟೂ ಉಳಿಸಿಕೊಳ್ಳಬಹುದು. ‘ಬಹುದು’ ಅಷ್ಟೆ. ತುಂಬಿಕೊಡುತ್ತಾರೆಂದು ಯಾವ ಪ್ರಮೇಯವೂ ಹೇಳಿಲ್ಲ.

ನಮ್ಮ ರೇಷ್ಮೆಯನ್ನು ನೋಡಿ. ಜಗತ್ತಿನಲ್ಲಿ ಅತಿ ಹೆಚ್ಚು ರೇಷ್ಮೆ ತೆಗೆಯುವುದು ಚೀನಾ, ಎರಡನೆಯದು ಭಾರತ. ಭಾರತದ ಹಿಪ್ಪುನೇರಳೆ ರೇಷ್ಮೆಯಲ್ಲಿ ಕರ್ನಾಟಕ ಮುಂದು. ಚೀನಾದ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ ಹುಳುವಿನ) ನೂಲು ಸಮನಾದದ್ದು, ಎಳೆ ತುಂಡಾಗುವುದು ಕಡಿಮೆ. ವಿದ್ಯುತ್ ಮಗ್ಗದ ಉದ್ದೆಳೆಗೆ (ಹಾಸು) ಅದೇ ಬೇಕೆಂದು ನೇಕಾರರು ಕೇಳುತ್ತಾರೆ. ನಮ್ಮ ಮಿಶ್ರತಳಿ ಗೂಡಿನಿಂದ ಚರಕದಲ್ಲಿ ಬಿಚ್ಚಿದ ನೂಲು ಹೆಚ್ಚಾಗಿ ಅಡ್ಡೆಳೆಗೆ (ಹೊಕ್ಕು) ಹೋಗುತ್ತದೆ. ಅಗ್ಗದ ನೂಲು ನುಗ್ಗುತ್ತಿದೆಯೆಂದು 2003ರಲ್ಲಿ ಚೀನಾದ ಕಚ್ಚಾ ರೇಷ್ಮೆಯ ಮೇಲೆ ಡಂಪಿಂಗ್ ವಿರೋಧಿ ಸುಂಕ (ತನ್ನ ನಾಡಿನ ಬೆಲೆಗಿಂತ ಅಗ್ಗವಾಗಿ ಹೊರಗೆ ಸುರಿಯುವುದನ್ನು ತಡೆಯುವ ಸುಂಕ) ಬಿತ್ತು. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿತು. ರಾಮನಗರದ ಗೂಡು ಮಾರುಕಟ್ಟೆಯಲ್ಲಿ ಬೆಲೆ ಕುಸಿಯಿತು, ಬೆಳೆಗಾರರು ಬೀದಿಗಿಳಿದರು. 2013ರ ಬಜೆಟ್ ಅದನ್ನು ಶೇ 15ಕ್ಕೆ ಏರಿಸಿತು.

ಇಲ್ಲಿ ಗೆದ್ದವರು, ಸೋತವರು ಯಾರು? ಸುಂಕ ಇಳಿದರೆ ವಾರಾಣಸಿಯ, ಕಾಂಚೀಪುರದ, ದೊಡ್ಡಬಳ್ಳಾಪುರದ ನೇಕಾರನಿಗೆ ಕಚ್ಚಾ ಮಾಲು ಅಗ್ಗ. ಸುಂಕ ಏರಿದರೆ ಕನಕಪುರದ ಹುಳು ಸಾಕುವ ಕುಟುಂಬಕ್ಕೆ, ರಾಮನಗರ, ಶಿಡ್ಲಘಟ್ಟಗಳ ನೂಲು ಬಿಚ್ಚುವವರಿಗೆ ಉಸಿರು. ಎರಡೂ ಕಡೆ ಇರುವವರು ದುಡಿಯುವ ಜನರೇ. ‘ದೇಶಿ ವಿರುದ್ಧ ವಿದೇಶಿ’ ಎಂದು ಬರೆಯುವ ಪತ್ರಿಕಾ ಶೀರ್ಷಿಕೆಗಳು ಇದನ್ನು ಮುಚ್ಚಿಡುತ್ತವೆ. ಸುಂಕವೆಂಬುದು ಬಹುಪಾಲು ದೇಶದೊಳಗಿನ ಒಬ್ಬರ ಜೇಬಿನಿಂದ ದೇಶದೊಳಗಿನ ಇನ್ನೊಬ್ಬರ ಜೇಬಿಗೆ ಹೋಗುವ ಹಣ.

ಊಹೆಯ ಮಾತು ಇಲ್ಲಿ ಮತ್ತೆ ಬರುತ್ತದೆ. ನೂಲು ಬಿಚ್ಚುವ ಕೆಲಸ ನಿಂತರೆ ಆ ಕೈಗಳು ನಾಳೆ ಬೆಳಿಗ್ಗೆ ಸಾಫ್ಟ್‌ವೇರಿಗೆ ಹೋಗುತ್ತವೆ ಎಂದು ರಿಕಾರ್ಡೋನ ಲೆಕ್ಕ ಇಟ್ಟುಕೊಂಡಿದೆ. ಐವತ್ತು ವರ್ಷದ ರೀಲರ್ ಎಲ್ಲಿಗೂ ಹೋಗುವುದಿಲ್ಲ. ಅಮೆರಿಕದಲ್ಲೂ ಹೋಗಲಿಲ್ಲ. ಚೀನಾ 2001ರ ಡಿಸೆಂಬರ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿತು. ಆ ಪೈಪೋಟಿಗೆ ಹೆಚ್ಚು ಸಿಕ್ಕಿದ ಅಮೆರಿಕದ ಊರುಗಳಲ್ಲಿ ನಿರುದ್ಯೋಗ ಏರಿ, ಕೂಲಿ ಇಳಿದು, ಅದು ಬಹುಕಾಲ ಹಾಗೆಯೇ ಉಳಿಯಿತು ಎಂದು ಡೇವಿಡ್ ಆಟರ್, ಡೇವಿಡ್ ಡಾರ್ನ್, ಗಾರ್ಡನ್ ಹ್ಯಾನ್ಸನ್ 2013ರಲ್ಲಿ ತೋರಿಸಿದರು. ಅಷ್ಟು ಶ್ರೀಮಂತ ದೇಶದಲ್ಲೇ ಹೀಗಾದರೆ, ಇಂಥ ಕೆಲಸಗಾರರಿಗೆ ನಿರುದ್ಯೋಗ ಭತ್ಯೆ ಎಟುಕದ ನಮ್ಮಲ್ಲಿ ಹೇಗಿರಬೇಡ? 2019ರ ನವೆಂಬರ್‌ನಲ್ಲಿ ಭಾರತ ಏಷ್ಯಾ–ಪೆಸಿಫಿಕ್ ದೇಶಗಳ ಆರ್‌ಸಿಇಪಿ ಮುಕ್ತ ವ್ಯಾಪಾರ ಒಪ್ಪಂದದಿಂದ ಹಿಂದೆ ಸರಿದಾಗ ಹಾಲು ಉತ್ಪಾದಕರು ನಿಟ್ಟುಸಿರು ಬಿಟ್ಟದ್ದನ್ನು ಅರ್ಥಶಾಸ್ತ್ರದ ಅಜ್ಞಾನ ಎನ್ನಲು ನಾನು ಸಿದ್ಧನಿಲ್ಲ. ನ್ಯೂಜಿಲೆಂಡಿನ ಹಾಲಿನ ಪುಡಿ ಬಂದರೆ ಕೊಳ್ಳುವವರಿಗೆ ಲಾಭ, ನಿಜ. ಎರಡು ಹಸು ಕಟ್ಟಿಕೊಂಡವರ ನಷ್ಟವನ್ನು ಯಾರು, ಯಾವ ಲೆಕ್ಕದಲ್ಲಿ ತುಂಬಿಕೊಡುತ್ತಾರೆ ಎಂಬುದಕ್ಕೆ ಆಗ ಯಾರಲ್ಲೂ ಉತ್ತರವಿರಲಿಲ್ಲ.

ಹಾಗಾದರೆ ಎಳೆಯ ಕೈಗಾರಿಕೆಗೆ ರಕ್ಷಣೆ ಕೊಡುವುದು ಸರಿಯೇ?

ಅಮೆರಿಕದ ಅಲೆಕ್ಸಾಂಡರ್ ಹ್ಯಾಮಿಲ್ಟನ್ 1791ರಲ್ಲಿ, ಜರ್ಮನಿಯ ಫ್ರೆಡ್ರಿಕ್ ಲಿಸ್ಟ್ 1841ರಲ್ಲಿ ಸರಿ ಎಂದರು. ಕಲಿಯಲು ಸಮಯ ಬೇಕು. ಕಲಿಯುವಷ್ಟು ಕಾಲ ಸುಂಕದ ಗೋಡೆ ಇರಲಿ, ಆಮೇಲೆ ಕೆಡವಿ ಎಂಬುದು ವಾದ.

ಭಾರತದಲ್ಲಿ ಸಕ್ಕರೆ ಇದಕ್ಕೆ ಒಳ್ಳೆಯ ಉದಾಹರಣೆ. ಜಾವಾದ ಸಕ್ಕರೆ ಮಾರುಕಟ್ಟೆಯನ್ನು ಆಳುತ್ತಿದ್ದಾಗ 1932ರಲ್ಲಿ ಸಕ್ಕರೆ ಉದ್ಯಮ ರಕ್ಷಣಾ ಕಾಯ್ದೆ ಬಂತು. ದೇಶದಲ್ಲಿ ಸುಮಾರು 30ರಷ್ಟಿದ್ದ ಕಾರ್ಖಾನೆಗಳು ನಾಲ್ಕೈದು ವರ್ಷಗಳಲ್ಲಿ 130 ದಾಟಿದವು. ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ್ದೂ ಆಗಲೇ, 1933ರಲ್ಲಿ. ಕನ್ನಂಬಾಡಿಯ ನೀರು ನಾಲೆಗೆ ಹರಿಯತೊಡಗಿದ ಕಾಲ. ಜಾವಾದ ಆಮದು ನಿಂತಿತು, ಭಾರತ ಮುಂದೆ ಜಗತ್ತಿನ ದೊಡ್ಡ ಸಕ್ಕರೆ ಉತ್ಪಾದಕರಲ್ಲಿ ಒಂದಾಯಿತು. ಮಗು ಬೆಳೆಯಿತೇ? ಬೆಳೆಯಿತು. ಗೋಡೆ ಕೆಡವಿದರೇ? ಇಲ್ಲ. ಆಮದು ಸುಂಕ, ಕಬ್ಬಿಗೆ ಸರ್ಕಾರ ನಿಗದಿ ಮಾಡುವ ದರ, ರಫ್ತಿಗೆ ಪರವಾನಗಿ ಎಲ್ಲವೂ ಇವೆ. ತೊಂಬತ್ತು ದಾಟಿದ ಶಿಶುವಿನ ಕೈ ಬಿಡಲು ಯಾವ ಸರ್ಕಾರಕ್ಕೂ ಧೈರ್ಯವಿಲ್ಲ. ಲಿಸ್ಟ್ ವಾದದ ದೌರ್ಬಲ್ಯ ತರ್ಕದಲ್ಲಿಲ್ಲ, ಚುನಾವಣೆಯಲ್ಲಿದೆ.

ಕಾಫಿ ಬೆಳೆಯುವ ನಾಡು ಕಾಫಿಯನ್ನೇ ಬೆಳೆಯುತ್ತಿದ್ದರೆ ಸಾಕೇ?

ಅರ್ಥಶಾಸ್ತ್ರಜ್ಞರಾದ ರೌಲ್ ಪ್ರೆಬಿಷ್, ಹ್ಯಾನ್ಸ್ ಸಿಂಗರ್ 1950ರಲ್ಲಿ ಸಾಲದು ಎಂದರು. ಜನರ ಆದಾಯ ಏರಿದಂತೆ ಯಂತ್ರಗಳಿಗೆ ಬೇಡಿಕೆ ಏರುತ್ತದೆ, ಕಾಫಿಗೆ ಅಷ್ಟು ಏರುವುದಿಲ್ಲ. ಹಾಗಾಗಿ ಕಾಲಕ್ರಮೇಣ ಒಂದು ಯಂತ್ರಕ್ಕೆ ಹೆಚ್ಚು ಹೆಚ್ಚು ಮೂಟೆ ತೆರಬೇಕು. ದೀರ್ಘಕಾಲದ ಅಂಕಿಅಂಶಗಳು ಈ ವಾದವನ್ನು ಪೂರ್ತಿ ಬೆಂಬಲಿಸುವುದಿಲ್ಲ. ಆದರೆ ಬೆಲೆಯ ಏರಿಳಿತದ ಬಗ್ಗೆ ಕೊಡಗು, ಚಿಕ್ಕಮಗಳೂರಿನವರಿಗೆ ಯಾವ ಪ್ರೊಫೆಸರೂ ಹೇಳಿಕೊಡಬೇಕಿಲ್ಲ. ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ (ಪ್ರತಿ ದೇಶದ ರಫ್ತಿಗೆ ಮಿತಿ) 1989ರಲ್ಲಿ ಮುರಿದುಬಿತ್ತು. 1990ರ ದಶಕದಲ್ಲಿ ವಿಯೆಟ್ನಾಂ ರೊಬಸ್ಟಾ ಸುರಿಯಿತು. 2001–02ರ ಹೊತ್ತಿಗೆ ಬೆಲೆ ಪಾತಾಳ ಕಂಡಿತು. 2024ರಲ್ಲಿ ಅದೇ ರೊಬಸ್ಟಾ ದಾಖಲೆ ಬರೆಯಿತು. ಒಂದೇ ಬೆಳೆಯಲ್ಲಿ ಪರಿಣತಿ ಎಂದರೆ ಒಂದೇ ಬೆಲೆಗೆ ತಲೆ ಕೊಡುವುದು. ಇದು ರಿಕಾರ್ಡೋನ ನಾಲ್ಕು ಸಂಖ್ಯೆಗಳಲ್ಲಿಲ್ಲ. ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸಿರುವುದರಲ್ಲಿದೆ.

ಅಮೆರಿಕ ಹಾಕಿದ ಸುಂಕವನ್ನು ಕಟ್ಟುವವರು ಯಾರು? ಭಾರತವೇ?

ಬಂದರಿನಲ್ಲಿ ಕಟ್ಟುವವನು ಅಮೆರಿಕದ ಆಮದುದಾರ. ಹೊರೆ ಯಾರ ಮೇಲೆ ಕೂರುತ್ತದೆ ಎಂಬುದು ಬೇರೆ ಮಾತು. ಮಾರುವವನಿಗೆ ಬೇರೆ ಗಿರಾಕಿ ಇಲ್ಲದಿದ್ದರೆ ಅವನು ಬೆಲೆ ಇಳಿಸುತ್ತಾನೆ; ಕೊಳ್ಳುವವನಿಗೆ ಬೇರೆ ಅಂಗಡಿ ಇಲ್ಲದಿದ್ದರೆ ಅವನು ತೆರುತ್ತಾನೆ. 2018ರ ಅಮೆರಿಕದ ಸುಂಕಗಳನ್ನು ಅಧ್ಯಯನ ಮಾಡಿದವರಿಗೆ ಹೊರೆಯೆಲ್ಲ ಹೆಚ್ಚುಕಡಿಮೆ ಅಮೆರಿಕದ ಕೊಳ್ಳುವವರ ಮೇಲೆಯೇ ಬಿದ್ದದ್ದು ಕಂಡಿತು. ಹಾಗೆಂದು ಮಾರುವವನಿಗೆ ನಷ್ಟವಿಲ್ಲ ಎಂದಲ್ಲ: ಬೆಲೆ ಇಳಿಸದಿದ್ದರೆ ಆರ್ಡರ್ ಕಳೆದುಕೊಳ್ಳುತ್ತಾನೆ.

ವ್ಯಾಪಾರ ಕೊರತೆ ಎಂದರೆ ಸೋಲೇ?

ಅಲ್ಲ. ಆಮದು ರಫ್ತನ್ನು ಮೀರಿದಷ್ಟು ಕೊರತೆ. ಒಟ್ಟಾರೆ ಕೊರತೆ ದೇಶದ ಉಳಿತಾಯಕ್ಕೂ ಹೂಡಿಕೆಗೂ ಇರುವ ಅಂತರವನ್ನು ತೋರಿಸುತ್ತದೆ. ಒಂದೊಂದು ದೇಶದೊಂದಿಗಿನ ಕೊರತೆಯಂತೂ ಇನ್ನೂ ಕಡಿಮೆ ಅರ್ಥದ್ದು. ತೈಲ ಮಾರುವ ದೇಶದೊಂದಿಗೆ ನಮಗೆ ಕೊರತೆ ಇದ್ದೇ ಇರುತ್ತದೆ.

ಬಂಡವಾಳವೇ ಗಡಿ ದಾಟಿದರೆ?

ರಿಕಾರ್ಡೋ ಇದನ್ನು ಮುಂಗಂಡಿದ್ದ. ಬಂಡವಾಳ ಎಲ್ಲಿಗೆ ಬೇಕಾದರೂ ಹೋಗುವುದಾದರೆ ಬಟ್ಟೆ, ವೈನ್ ಎರಡನ್ನೂ ಪೋರ್ಚುಗಲ್ಲಿನಲ್ಲೇ ಮಾಡುವುದು ಲಾಭಕರ ಎಂದು ಅವನೇ ಬರೆದಿದ್ದಾನೆ. ಹುಟ್ಟಿದ ನಾಡನ್ನು ಬಿಡಲು ಬಂಡವಾಳಗಾರರಿಗಿರುವ ಹಿಂಜರಿಕೆ ಕಡಿಮೆಯಾದರೆ ತನಗೆ ಬೇಸರವಾದೀತು ಎಂದೂ ಸೇರಿಸಿದ್ದಾನೆ. ಆ ಹಿಂಜರಿಕೆ ಈಗ ಎಷ್ಟಿದೆ ಎಂಬುದನ್ನು ಯಾವುದೇ ಮೊಬೈಲ್ ಫೋನಿನ ಬೆನ್ನಿನ ಮೇಲೆ ಓದಬಹುದು. ತುಲನಾತ್ಮಕ ಅನುಕೂಲತೆ ಇದರಿಂದ ಸುಳ್ಳಾಗುವುದಿಲ್ಲ, ಬೇಗ ಬೇಗ ಜಾಗ ಬದಲಿಸುತ್ತದೆ.

ಈ ಸಿದ್ಧಾಂತವನ್ನು ನಿಜ ಜಗತ್ತಿನಲ್ಲಿ ಯಾರಾದರೂ ಪರೀಕ್ಷಿಸಿದ್ದಾರೆಯೇ?

ಕಷ್ಟದ ಕೆಲಸ. ವ್ಯಾಪಾರವಿಲ್ಲದಿದ್ದಾಗಿನ ಬೆಲೆಗಳು ಬೇಕು, ಆದರೆ ಎಲ್ಲ ದೇಶಗಳೂ ಮೊದಲಿನಿಂದ ವ್ಯಾಪಾರ ಮಾಡುತ್ತಲೇ ಇವೆ. ಜಪಾನ್ ಒಂದು ಅಪರೂಪದ ಅಪವಾದ. ಎರಡು ಶತಮಾನಕ್ಕೂ ಹೆಚ್ಚು ಕಾಲ ಹೆಚ್ಚುಕಡಿಮೆ ಬಾಗಿಲು ಮುಚ್ಚಿಕೊಂಡಿದ್ದು, ಅಮೆರಿಕದ ಯುದ್ಧನೌಕೆಗಳ ಒತ್ತಡಕ್ಕೆ ಮಣಿದು 1859ರಲ್ಲಿ ಬಂದರುಗಳನ್ನು ತೆರೆಯಿತು. ಡೇನಿಯಲ್ ಬರ್ನ್‌ಹೋಫೆನ್ ಮತ್ತು ಜಾನ್ ಬ್ರೌನ್ ಆ ಮೊದಲಿನ ಬೆಲೆಗಳನ್ನು ಹುಡುಕಿ, ಬಾಗಿಲು ತೆರೆದ ಮೇಲಿನ ಆಮದು ರಫ್ತುಗಳೊಂದಿಗೆ ಹೋಲಿಸಿ 2004ರಲ್ಲಿ ಪ್ರಕಟಿಸಿದರು. ಸಿದ್ಧಾಂತ ಹೇಳಿದಂತೆಯೇ ಆಗಿತ್ತು: ಒಳಗೆ ಅಗ್ಗವಾಗಿದ್ದ ರೇಷ್ಮೆ, ಚಹಾ ಹೊರಗೆ ಹೋದವು, ತುಟ್ಟಿಯಾಗಿದ್ದವು ಒಳಗೆ ಬಂದವು. ರೋಗ ಬಿದ್ದು ಫ್ರಾನ್ಸ್, ಇಟಲಿಗಳ ಹುಳುಗಳು ಸಾಯುತ್ತಿದ್ದ ಕಾಲವಾದ್ದರಿಂದ ಜಪಾನಿನ ರೇಷ್ಮೆಗೆ ಬೇಡಿಕೆಯೂ ಜೋರಾಗಿತ್ತು. ಲಾಭ ಎಷ್ಟು? ಅವರದೇ ಮುಂದಿನ ಲೆಕ್ಕದ ಪ್ರಕಾರ ಹೆಚ್ಚೆಂದರೆ ರಾಷ್ಟ್ರೀಯ ಉತ್ಪನ್ನದ ಶೇ 8–9. ಕಡಿಮೆಯೇನಲ್ಲ, ಆದರೆ ಜಪಾನ್ ಶ್ರೀಮಂತವಾದದ್ದು ಅಷ್ಟರಿಂದಲೇ ಎನ್ನುವಂತಿಲ್ಲ.

ಒಂದು ದೇಶಕ್ಕೆ ಯಾವುದರಲ್ಲಿ ಅನುಕೂಲತೆ ಇದೆ ಎಂದು ಕಂಡುಹಿಡಿಯುವುದು ಹೇಗೆ?

ವೆಚ್ಚಗಳು ಕಣ್ಣಿಗೆ ಬೀಳುವುದಿಲ್ಲ, ರಫ್ತು ಬೀಳುತ್ತದೆ. ಬೇಲಾ ಬಲಾಸಾ 1965ರಲ್ಲಿ ಕೊಟ್ಟ ಸೂಚ್ಯಂಕ ಇದನ್ನೇ ಬಳಸುತ್ತದೆ. ದೇಶದ ರಫ್ತಿನಲ್ಲಿ ಒಂದು ಸರಕಿನ ಪಾಲನ್ನು, ಜಗತ್ತಿನ ರಫ್ತಿನಲ್ಲಿ ಅದೇ ಸರಕಿನ ಪಾಲಿನಿಂದ ಭಾಗಿಸಿ. ಉದಾಹರಣೆಗೆ, ನಮ್ಮ ರಫ್ತಿನ ಪ್ರತಿ 100 ರೂಪಾಯಿಯಲ್ಲಿ ಒಂದು ಸರಕಿಗೆ 2 ರೂಪಾಯಿ, ಜಗತ್ತಿನ ಪ್ರತಿ 100ರಲ್ಲಿ 50 ಪೈಸೆ ಎಂದಿದ್ದರೆ ಸೂಚ್ಯಂಕ 4. ಒಂದಕ್ಕಿಂತ ಹೆಚ್ಚಿದ್ದರೆ ಅನುಕೂಲತೆ ಇದೆ ಎಂದು ಓದುತ್ತಾರೆ.

ಎಚ್ಚರಿಕೆಯಿಂದ ಓದಿ. ಸರ್ಕಾರ ರಫ್ತಿಗೆ ದುಡ್ಡು ಕೊಟ್ಟರೆ ಸೂಚ್ಯಂಕ ಏರುತ್ತದೆ, ಅಡ್ಡ ಹಾಕಿದರೆ ಇಳಿಯುತ್ತದೆ. ಹೊಲದಲ್ಲಿ ಏನೂ ಬದಲಾಗಿರುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ ಕಡೆ ಬೆಳೆಯುವ ಬೆಂಗಳೂರು ಗುಲಾಬಿ ಈರುಳ್ಳಿಯನ್ನು ನಮ್ಮವರು ಅಡುಗೆಗೆ ಕೊಳ್ಳುವುದಿಲ್ಲ. ಅದು ಮಲೇಷ್ಯಾ, ಸಿಂಗಪುರಗಳ ಅಡುಗೆಮನೆಗೇ ಬೆಳೆಯುವ ಬೆಳೆ. 2023ರ ಆಗಸ್ಟ್‌ನಲ್ಲಿ ದೇಶದೊಳಗಿನ ಬೆಲೆ ಹಿಡಿದಿಡಲು ಕೇಂದ್ರ ಸರ್ಕಾರ ಈರುಳ್ಳಿ ರಫ್ತಿಗೆ ಶೇ 40 ಸುಂಕ ಹಾಕಿದಾಗ, ದೇಶದೊಳಗೆ ಯಾರೂ ತಿನ್ನದ ಈ ಈರುಳ್ಳಿಗೂ ಅದು ಅನ್ವಯವಾಯಿತು. ಬೆಳೆಗಾರರು ಕೂಗೆಬ್ಬಿಸಿದ ಮೇಲೆ, ಸೆಪ್ಟೆಂಬರ್ ಕೊನೆಯಲ್ಲಿ ಇದಕ್ಕೆ ಷರತ್ತಿನ ವಿನಾಯಿತಿ ಸಿಕ್ಕಿತು.